ಬಿಲ್ಲೆಯ ಕೆಳಗಿನ ಆರು ಪಾಲು

ಲೆಕ್ಕದ ಪ್ರಕಾರ ಮೂವತ್ತು ಬರಬೇಕಿತ್ತು. ಬಂದದ್ದು ಇಪ್ಪತ್ತನಾಲ್ಕು.

ಅಳತೆಯ ಪಟ್ಟಿಯನ್ನು ಹೊರಗೆಳೆದು, ಎಣ್ಣೆ ಒರೆಸಿ, ಮತ್ತೆ ತೂರಿಸಿ ನೋಡಿದೆ. ಅದೇ ಇಪ್ಪತ್ತನಾಲ್ಕು. ಪಕ್ಕದ ವಾಲ್ವಿನಲ್ಲೂ ಹಾಗೇ. ತುದಿಯದು ಮಾತ್ರ ಸರಿಯಾಗಿ ಮೂವತ್ತು. ಒಂದೇ ಕೈ, ಒಂದೇ ಗೇಜು, ಒಂದೇ ದಿನದ ಕೆಲಸ. ಹದಿನಾರು ವಾಲ್ವುಗಳಲ್ಲಿ ಹನ್ನೊಂದು ನನ್ನ ಮಾತು ಕೇಳಿದ್ದವು, ಐದು ಕೇಳಿರಲಿಲ್ಲ.

ಹೇಳುತ್ತಿರುವುದು ಮಿಲಿಮೀಟರಿನ ನೂರನೇ ಪಾಲುಗಳ ವಿಷಯ. ಎಂಜಿನ್ನಿನ ತಲೆಯಲ್ಲಿ ಕ್ಯಾಮ್ ಎನ್ನುವ ಉಕ್ಕಿನ ದಂಡ ತಿರುಗುತ್ತದೆ. ಅದರ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳು ವಾಲ್ವುಗಳನ್ನು ಒತ್ತಿ ತೆರೆಯುತ್ತವೆ. ಉಬ್ಬು ಆಚೆ ಮುಖ ಮಾಡಿದಾಗ ಕ್ಯಾಮಿಗೂ ವಾಲ್ವಿನ ನೆತ್ತಿಗೂ ನಡುವೆ ಒಂದು ಸಣ್ಣ ಸಂದು ಇರಬೇಕು. ಸಂದು ಕಡಿಮೆಯಾದರೆ ಎಂಜಿನ್ ಕಾದಾಗ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹೆಚ್ಚಾದರೆ ಉಬ್ಬು ಸುತ್ತಿಗೆಯಂತೆ ಬಡಿಯುತ್ತದೆ. ಅಳೆಯುವುದು ಗೇಜಿನ ತೆಳು ಉಕ್ಕಿನ ಪಟ್ಟಿಗಳಿಂದ; ತುಸು ಬಿಗಿಯಾಗಿ ಜಾರುವ ಪಟ್ಟಿಯ ದಪ್ಪವೇ ಸಂದಿನ ಅಳತೆ. ಆ ಸಂದನ್ನು ಹೊಂದಿಸುವುದು ನಾಣ್ಯದ ಅಗಲದ ಉಕ್ಕಿನ ಬಿಲ್ಲೆಗಳಿಂದ. ಅಂಗಡಿಯಲ್ಲಿ ಶಿಮ್ ಎಂದು ಕೇಳಬೇಕು. ಪ್ರತಿ ವಾಲ್ವಿನ ಮೇಲೆ ಒಂದು ಮಗುಚಿಟ್ಟ ಬಟ್ಟಲು, ಬಟ್ಟಲಿನ ಬೆನ್ನಿನಲ್ಲಿ ಒಂದು ಗುಳಿ, ಗುಳಿಯೊಳಗೆ ಒಂದು ಬಿಲ್ಲೆ. ದಪ್ಪ ಬಿಲ್ಲೆ ಹಾಕಿದರೆ ಸಂದು ಕಿರಿದು, ತೆಳುವಾದದ್ದು ಹಾಕಿದರೆ ಹಿರಿದು. ಹಳೆಯ ಬಿಲ್ಲೆಯ ದಪ್ಪಕ್ಕೆ ಈಗಿನ ಸಂದನ್ನು ಕೂಡಿಸಿ, ಬೇಕಾದ ಸಂದನ್ನು ಕಳೆದರೆ ಹೊಸ ಬಿಲ್ಲೆಯ ದಪ್ಪ ಸಿಗುತ್ತದೆ. ಮೂರನೇ ಕ್ಲಾಸಿನ ಲೆಕ್ಕ.

ಆ ಲೆಕ್ಕವೇ ತಪ್ಪುತ್ತದೆ ಅಂದರೆ ನಾನು ಓದಿದ್ದಾದರೂ ಏನನ್ನು?

ಕಾರು ಒಬ್ಬ ಪಿ.ಟಿ. ಮೇಷ್ಟ್ರದು. ತಂಬ್ರಹಳ್ಳಿ ಕಡೆಯ ಕುರಿ ಸಾಕುವ ಮನೆತನದವರು. ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳನ್ನು ಓಡಿಸುವುದು ಅವರ ನೌಕರಿ, ರಜೆಯಲ್ಲಿ ಮಣ್ಣಿನ ಟ್ರ್ಯಾಕಿನ ಮೇಲೆ ಕಾರು ಓಡಿಸುವುದು ಹುಚ್ಚು. ಹಿಂದಿನ ವರ್ಷ ಸ್ಪರ್ಧೆಯೊಂದರ ತಿರುವಿನಲ್ಲಿ ಕಾರು ಮಗುಚಿ ಭುಜದ ಮೂಳೆ ಮುರಿದುಕೊಂಡಿದ್ದರು. ವಾಸಿಯಾದವರು ಸುಮ್ಮನಾಗಬೇಕಿತ್ತು. ಅದರ ಬದಲು ಕೊಯಮತ್ತೂರಿನ ಒಬ್ಬ ತಯಾರಕರಿಂದ ಎರಡು ಹೊಸ ಕ್ಯಾಮ್ ತರಿಸಿಕೊಂಡು ನನ್ನ ಶೆಡ್ಡಿಗೆ ಬಂದರು. ಕಾರಿನ ಜೊತೆ ಬಂದ ಕ್ಯಾಮಿಗಿಂತ ವಾಲ್ವನ್ನು ಹೆಚ್ಚು ಎತ್ತುವ, ಹೆಚ್ಚು ಹೊತ್ತು ತೆರೆದಿಡುವ ಕ್ಯಾಮುಗಳು. ಮುಂದಿನ ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಇದ್ದದ್ದು ಈ ಒಂದು ಜೋಡಿ ಮಾತ್ರ. ಒಂದು ಉಬ್ಬು ಸವೆದರೂ ಇನ್ನೊಂದನ್ನು ಕಡೆದು ಕಳಿಸುವಷ್ಟರಲ್ಲಿ ಸ್ಪರ್ಧೆ ಮುಗಿದಿರುತ್ತಿತ್ತು.

ಅವರು ದಾವಣಗೆರೆಗೆ ಒಯ್ಯಬಹುದಿತ್ತು. ಅಲ್ಲಿ ಇಂಥ ಕೆಲಸ ಮಾಡಿದ ಕೈಗಳಿವೆ. ನನ್ನ ಹತ್ತಿರ ತಂದದ್ದು ಬೋರ್ಡು ನೋಡಿ. ಹಗರಿಬೊಮ್ಮನಹಳ್ಳಿಯ ಕೂಡ್ಲಿಗಿ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್. ಬೋರ್ಡಿನ ಮೇಲೆ ಬಿ.ಇ. ಮೆಕ್ಯಾನಿಕಲ್ ಎಂದು ನನ್ನ ಹೆಸರಿಗಿಂತ ದೊಡ್ಡದಾಗಿ ಬರೆಸಿದ್ದೇನೆ. ಅದಕ್ಕೆ ನಾಚಿಕೆಯಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಬಿದ್ದು ಎದ್ದು ಪಾಸು ಮಾಡಿಕೊಂಡ ಡಿಗ್ರಿ ಅದು. ಸಣ್ಣಕ್ಷರದಲ್ಲಿ ಬರೆಸಲು ಮನಸ್ಸಾಗಲಿಲ್ಲ. ಆದರೆ ಅಲ್ಲಿಯವರೆಗೆ ಬಂದ ಕೆಲಸ ಟ್ರ್ಯಾಕ್ಟರಿನ ಗ್ಯಾಸ್ಕೆಟ್, ಪಂಪಿನ ಬೇರಿಂಗ್, ಇಂಥವೇ. ಪಕ್ಕದ ಶೆಡ್ಡಿನ ಟ್ರ್ಯಾಕ್ಟರ್ ಮೇಸ್ತ್ರಿ ದಿನಕ್ಕೊಮ್ಮೆಯಾದರೂ ಕೈಯಲ್ಲಿನ ಸ್ಪ್ಯಾನರ್ ಎತ್ತಿ ಚುಚ್ಚುತ್ತಿದ್ದ; ಅದಕ್ಕೆ ನಮ್ಮ ಕಡೆ ಪಾನ ಅನ್ನುತ್ತೇವೆ.

"ಲೇ ಎಂಜಿನಿಯರಾ, ಓದಿದ ನಿನ್ನ ಕೈಯಾಗೂ ಅದ ಪಾನ ಐತಿ, ಓದದ ನನ್ನ ಕೈಯಾಗೂ ಅದ ಪಾನ ಐತಿ. ಫರಕೇನಲೇ?"

ಫರಕೇನು ಎಂದು ತೋರಿಸುವ ಕೆಲಸ ಕೊನೆಗೆ ಬಂದಿತ್ತು. ಇದು ಕೆಟ್ಟರೆ ಬೋರ್ಡಿನ ಮೇಲಿನದು ಬರೀ ಬಣ್ಣ.

ಕೆಲಸವನ್ನು ನಾನು ಪುಸ್ತಕ ಹೇಳಿದ ಕ್ರಮದಲ್ಲೇ ಶುರು ಮಾಡಿದ್ದೆ. ಬಾನೆಟ್ ಬಿಚ್ಚಿಟ್ಟು, ಕಾರಿನ ಮುಖವನ್ನು ಬಾಗಿಲ ಕಡೆಗೆ ಮಾಡಿ ನಿಲ್ಲಿಸಿದೆ. ಪಿಸ್ಟನ್ನುಗಳೆಲ್ಲ ಅರ್ಧಕ್ಕೆ ಇಳಿಯುವಂತೆ ಎಂಜಿನ್ ತಿರುಗಿಸಿಟ್ಟೆ. ಇಲ್ಲದಿದ್ದರೆ ಕ್ಯಾಮ್ ಕೂರಿಸುವಾಗ ವಾಲ್ವ್ ಹೋಗಿ ಪಿಸ್ಟನ್ನಿಗೆ ಗುದ್ದುತ್ತದೆ. ಹೊಸ ಕ್ಯಾಮುಗಳನ್ನು ಎಣ್ಣೆ ಸವರಿ ಕೂರಿಸಿ, ನಡುವಿನಿಂದ ಆಚೀಚೆಗೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಹೆಚ್ಚು ಎತ್ತುವ ಕ್ಯಾಮಾದ್ದರಿಂದ ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಜಾಗ ಉಳಿಯುತ್ತದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಮೇಷ್ಟ್ರು ಶಾಲೆಯಿಂದ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು ತಂದರು. ಎಂಜಿನ್ನಿನ ತಲೆ ಬಿಚ್ಚಿ ಪಿಸ್ಟನ್ ಮೇಲೆ ಅದನ್ನು ಹಚ್ಚಿ, ತಲೆ ಮತ್ತೆ ಕೂರಿಸಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಬಿಚ್ಚಿ, ವಾಲ್ವ್ ಒತ್ತಿದ ಕುಳಿಯನ್ನು ಬ್ಲೇಡಿನಿಂದ ಕೊಯ್ದು ಅಳೆದೆವು. ಜಾಗವಿತ್ತು. ಆಮೇಲೆ ಹದಿನಾರೂ ಸಂದು ಅಳೆದು ಶಟರಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಗಾಳಿ ಎಳೆಯುವ ವಾಲ್ವುಗಳಿಗೆ ಇಪ್ಪತ್ತೈದು, ಹೊಗೆ ಬಿಡುವ ವಾಲ್ವುಗಳಿಗೆ ಮೂವತ್ತು ಇರಬೇಕೆಂದು ಕ್ಯಾಮ್ ಮಾಡಿದವರು ಹೇಳಿದ್ದರು. ಕೂಡಿ, ಕಳೆದು, ಬೇಕಾದ ಬಿಲ್ಲೆಗಳ ದಪ್ಪವನ್ನು ಕೊಯಮತ್ತೂರಿಗೆ ಫೋನಿನಲ್ಲಿ ಹೇಳಿದೆ. ಕ್ಯಾಮ್ ಇಳಿಸಿ, ಹಳೆಯ ಬಿಲ್ಲೆಗಳನ್ನು ಅಯಸ್ಕಾಂತದಿಂದ ಎತ್ತಿ ತೆಗೆದು, ಎಂಜಿನ್ನಿನ ತಲೆಯ ಮೇಲೆ ಹಳೇ ಪಂಚೆ ಹೊದಿಸಿ, ಬಸ್ಸಿನ ಪಾರ್ಸೆಲ್ಲಿಗೆ ಕಾಯುತ್ತ ಕೂತೆ.

ಆ ಭಾನುವಾರ ಮೇಷ್ಟ್ರ ತಂದೆ ಬಂದರು. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಭಂಡಾರದ, ಅಂದರೆ ಮೈಲಾರ ದೇವರ ಅರಿಶಿನದ ಪುಡಿಯ, ಚೀಲ. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಭಾನುವಾರ ಮೈಲಾರಕ್ಕೆ ಹೋಗಿ ಬರುವುದು ಅವರ ಪದ್ಧತಿ. ಬಂದವರು ಪಂಚೆ ಸರಿಸಿ ಬಿಚ್ಚಿದ ಎಂಜಿನ್ನನ್ನು ಬಹಳ ಹೊತ್ತು ನೋಡಿದರು. ಚೀಲಕ್ಕೆ ಕೈ ಹಾಕಿದಾಗ ಮೇಷ್ಟ್ರು, ಬಾನೆಟ್ಟಿನ ಮೇಲೆ ಹಚ್ಚಿದರೆ ಸಾಕು ಎಂದರು.

"ಮ್ಯಾಲ ಹಚ್ಚಿದ್ರ ಮ್ಯಾಲೇ ಉಳೀತೈತಿ" ಎಂದರು ಯಜಮಾನರು. "ಕುರಿ ಮಂಕಾದ್ರ ತುಪ್ಪಟಕ್ಕ ಹಚ್ತೀವೇನಲೇ? ಬಾಯಾಗ ಹಾಕ್ತೀವಿ. ಜೀವ ಇರೋದು ಒಳಗ."

ಏಳುಕೋಟಿಗೋ ಎಂದು ಮೈಲಾರನ ಘೋಷ ಹಾಕಿ ಒಂದು ಚಿಟಿಕೆ ಭಂಡಾರವನ್ನು ಎಂಜಿನ್ನಿನ ತಲೆಯ ಮೇಲೆ ಉದುರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಏನು ಅನ್ನುವ ಮೊದಲೇ, ಹೆಬ್ಬೆರಳಿನಿಂದ ನನ್ನ ಹಣೆಗೆ ಹಚ್ಚಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಪ್ಪ ಅದೇ ಕಡೆಯ ಹೊಲಗಳಿಗೆ ಕುರಿಗೊಬ್ಬರ ಹೊತ್ತವನು. ಅವನಿಗೆ ಭಂಡಾರ ಕೊಡುವಾಗ ಕೈಗೆ ಕೈ ತಾಕದಂತೆ ಮೇಲಿನಿಂದ ಉದುರಿಸುತ್ತಿದ್ದರಂತೆ. ಅಪ್ಪ ಅವ್ವ ಆಮೇಲೆ ಬುದ್ಧನ ದಾರಿ ಹಿಡಿದರು. ನಮ್ಮ ಮನೆಯಲ್ಲಿ ಅರಿಶಿನ ಇರುವುದು ಅಡುಗೆಗೆ ಮಾತ್ರ. ಆದರೂ ಆ ಬೆರಳು ಹಣೆಗೆ ತಾಕಿದ್ದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಅವರು ನನ್ನ ಗಡಿಗೆಯ ನೀರು ಕುಡಿದು, ನನ್ನ ಸ್ಟೂಲಿನ ಮೇಲೆ ಕೂತು, ಮೇಷ್ಟ್ರ ಕೈಯಲ್ಲಿ ನನಗೂ ಚಹಾ ತರಿಸಿದರು. ಅವರು ಹೋದ ಮೇಲೆ ನಾನು ಎಂಜಿನ್ನಿನ ಮೇಲಿದ್ದ ಹಳದಿಯನ್ನು ಬಟ್ಟೆಯಲ್ಲಿ ಒರೆಸಿ, ಕಂಪ್ರೆಸರಿನ ಗಾಳಿ ಹಿಡಿದೆ. ಹಣೆಯದನ್ನು ಒರೆಸಲಿಲ್ಲ.

ಮರುದಿನ ಪಾರ್ಸೆಲ್ ಬಂತು. ಒಂದೊಂದು ಬಿಲ್ಲೆಯನ್ನೂ ಮೈಕ್ರೋಮೀಟರಿನಲ್ಲಿ ಅಳೆದು ನೋಡಿ, ಎಣ್ಣೆ ಸವರಿ ಕೂರಿಸಿ, ಕ್ಯಾಮ್ ಬಿಗಿದೆ. ಆಗ ಕಂಡದ್ದೇ ಆ ಇಪ್ಪತ್ತನಾಲ್ಕು. ಐದು ವಾಲ್ವುಗಳಲ್ಲಿ ಐದಾರು ಪಾಲು ಕಡಿಮೆ.

ಲೆಕ್ಕ ನೋಡಿದೆ. ಸರಿಯಾಗಿತ್ತು. ಬಿಲ್ಲೆ ತೆಗೆದು ಮತ್ತೆ ಅಳೆದೆ. ಸರಿಯಾಗಿತ್ತು. ಎಲ್ಲ ಸರಿ, ಕೂಡಿದರೆ ತಪ್ಪು. ಕೊನೆಗೆ ಎಂಜಿನ್ ಹೇಳಿದ್ದೇ ನಿಜ ಎಂದುಕೊಂಡು ಆ ಐದು ಬಿಲ್ಲೆಗಳನ್ನು ತೆಳುಮಾಡಲು ಕೂತೆ. ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ಬಿಲ್ಲೆಯನ್ನು ಬೆರಳ ತುದಿಯಲ್ಲಿ ಒತ್ತಿ, ಎಂಟರ ಅಂಕಿ ಬರೆದಂತೆ ಉಜ್ಜಬೇಕು. ಉಕ್ಕು ಕಲ್ಲಿನಂತೆ ಗಟ್ಟಿ. ಉಜ್ಜಿ ಉಜ್ಜಿ ಬೆರಳಿನ ಚರ್ಮ ಸವೆಯುತ್ತದೆಯೇ ಹೊರತು ಬಿಲ್ಲೆ ಸವೆಯುವುದಿಲ್ಲ. ಒಂದು ಪಾಲು ಇಳಿಯಿತೆಂದು ಅಳೆದರೆ ಒಂದು ಅಂಚಿನಲ್ಲಿ ಮಾತ್ರ ಇಳಿದಿರುತ್ತದೆ. ಮತ್ತೆ ಉಜ್ಜು. ಎರಡು ದಿನ ಅದರಲ್ಲೇ ಹೋಯಿತು. ಮೇಸ್ತ್ರಿ ಬಾಗಿಲಲ್ಲಿ ನಿಂತು, ಚಟ್ನಿ ಅರೆಯೋ ಕಲ್ಲು ಕೊಡಲೇನು ಎಂದು ಕೇಳಿ ಹೋದ.

ಕೊನೆಗೂ ಹದಿನಾರೂ ಸರಿಬಂದವು. ಟೈಮಿಂಗ್ ಬೆಲ್ಟ್ ಹಾಕಿ, ಗುರುತು ಕೂಡಿಸಿ, ಮೇಲಿನ ಕವರ್ ಮುಚ್ಚಿ ಚಾಲು ಮಾಡಿದೆ. ಹೊಸ ಕ್ಯಾಮನ್ನು ಮೊದಲ ಸಲ ನಿಧಾನಕ್ಕೆ ತಿರುಗಲು ಬಿಡಬಾರದು. ಉಬ್ಬುಗಳಿಗೆ ಎಣ್ಣೆ ಸಾಲುವುದಿಲ್ಲ. ಸ್ವಲ್ಪ ಜೋರಾಗಿಯೇ ಓಡಿಸಬೇಕು. ಮೊದಲು ಒಳ್ಳೆಯ ಸದ್ದು. ಚೆನ್ನಾಗಿ ಕಾದ ಮೇಲೆ ಎಲ್ಲೋ ಒಂದು ಚಟಚಟ ಶುರುವಾಯಿತು, ಹುರಿಯುವ ಜೋಳ ಸಿಡಿದಂತೆ. ನಿಲ್ಲಿಸಿದೆ. ಬೆಳಿಗ್ಗೆ ತಣ್ಣಗಾದ ಮೇಲೆ ಕವರ್ ಬಿಚ್ಚಿ ಅಳೆದರೆ, ನಾನು ಎರಡು ದಿನ ಉಜ್ಜಿದ್ದ ಐದೇ ಐದು ವಾಲ್ವುಗಳಲ್ಲಿ ಸಂದು ಮೂವತ್ತಾರಕ್ಕೆ ಹತ್ತಿರ.

ಓಡಿದ ಮೇಲೆ ಸಂದು ಹಿಗ್ಗಿದೆ ಅಂದರೆ ಏನೋ ಸವೆದಿರಬೇಕು. ಕ್ಯಾಮ್ ಉಬ್ಬೇ ಸವೆಯಿತೆಂದುಕೊಂಡೆ. ಇಳಿಸಿ ಅಳೆದೆ, ಉಬ್ಬುಗಳು ಬಂದ ದಿನ ಇದ್ದ ಹಾಗೇ ಇದ್ದವು. ಬಿಲ್ಲೆಗಳೂ ಹಾಗೇ. ಏನೂ ಸವೆದಿಲ್ಲ, ಆರು ಪಾಲು ಎಲ್ಲೋ ಮಾಯವಾಗಿದೆ. ಕೊಯಮತ್ತೂರಿಗೆ ಫೋನ್ ಮಾಡಿ ಸ್ವಲ್ಪ ಗಡುಸಾಗಿಯೇ ಮಾತಾಡಿದೆ, ನಿಮ್ಮ ಕ್ಯಾಮೇ ವಕ್ರ ಅಂದೆ. ಅವರು ಬೆಂಗಳೂರಿನಲ್ಲಿ ಕೆಲ ಕಾಲ ಇದ್ದವರು, ಕನ್ನಡ ಬರುತ್ತದೆ. ಸಿಟ್ಟಾಗಲಿಲ್ಲ. ಯಾವ ಹೊತ್ತಿನಲ್ಲಿ ಅಳೆದಿರಿ ಎಂದು ಕೇಳಿದರು. ಮಧ್ಯಾಹ್ನ ಅಂದೆ.

"ತಣ್ಣಗಿನ ಎಂಜಿನ್ ಅಂದ್ರೆ ನಿಮ್ಮ ಊರಲ್ಲಿ ಎಷ್ಟು ಡಿಗ್ರಿ ಸಾರ್?" ಎಂದರು.

ಅದು ಬೇಸಿಗೆ. ತಗಡಿನ ಕೆಳಗೆ ಪಾನ ಮುಟ್ಟಿದರೆ ಕೈ ಸುಡುತ್ತಿತ್ತು. ಕಾಯದ ಎಂಜಿನ್ನೂ ಕಾದಿರುತ್ತಿತ್ತು. ಅದೇ ಇರಬೇಕು ಎಂದು ನನಗೂ ಅನಿಸಿತು, ಅನಿಸಬೇಕೆಂಬ ಆಸೆಯೂ ಇತ್ತು. ಮತ್ತೆ ದಪ್ಪ ಬಿಲ್ಲೆ ಹೇಳಿ, ಗುಳಿಗಳನ್ನು ಖಾಲಿ ಮಾಡಿಟ್ಟು ಕಾದೆ. ಮತ್ತೆ ಭಾನುವಾರ ಬಂತು, ಯಜಮಾನರು ಬಂದರು, ಒಂದು ಚಿಟಿಕೆ ಎಂಜಿನ್ನಿಗೆ, ಒಂದು ಬೆರಳು ನನ್ನ ಹಣೆಗೆ. ಮತ್ತೆ ಒರೆಸಿದೆ, ಗಾಳಿ ಹಿಡಿದೆ. ಈ ಸಲ ಅಳತೆಯೆಲ್ಲ ನಸುಕಿನಲ್ಲಿ, ತಗಡು ತಣ್ಣಗಿರುವಾಗ. ಮತ್ತೆ ನಾಲ್ಕು ವಾಲ್ವುಗಳಲ್ಲಿ ಲೆಕ್ಕಕ್ಕಿಂತ ಕಡಿಮೆ. ಹಳೆಯ ಗೇಜು ಸವೆದಿರಬಹುದೆಂದು ಹೊಸಪೇಟೆಯಿಂದ ಹೊಸದು ತಂದೆ. ಅದೂ ಅದನ್ನೇ ಹೇಳಿತು. ಹಲ್ಲು ಕಚ್ಚಿ ಮತ್ತೆ ಗಾಜಿನ ಮುಂದೆ ಕೂತೆ, ಉಜ್ಜಿದೆ, ಮುಚ್ಚಿದೆ, ಓಡಿಸಿದೆ. ಕೊಟ್ಟೂರು ರಸ್ತೆಯವರೆಗೂ ಹೋಗಲಿಲ್ಲ, ಶೆಡ್ಡಿನ ಮುಂದೆಯೇ ಚಟಚಟ.

ಮೇಷ್ಟ್ರು ಸಂಕೋಚದ ಮನುಷ್ಯ. ಅವತ್ತು ಕಾರಿನ ಸುತ್ತ ಎರಡು ಸಲ ತಿರುಗಿ, ನನ್ನ ಮುಖ ನೋಡದೆ, ಇನ್ನೊಂದು ಸಲ ನೋಡೋಣ, ಇಲ್ಲದಿದ್ದರೆ ದಾವಣಗೆರೆಯವರನ್ನು ಒಂದು ಮಾತು ಕೇಳುತ್ತೇನೆ, ನೀವು ತಪ್ಪು ತಿಳಿಯಬೇಡಿ ಎಂದರು. ತಪ್ಪು ತಿಳಿಯಲು ಏನಿತ್ತು? ನಾನೇ ಅವರಾಗಿದ್ದರೆ ಮೊದಲ ವಾರವೇ ಒಯ್ಯುತ್ತಿದ್ದೆ. ಅವರು ಹೋದ ಮೇಲೆ ಶಟರಿನ ಮೇಲಿನ ಅಂಕಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಅಳಿಸಿಹಾಕಿದೆ. 

ಮೂರನೇ ಸಲ. ಮತ್ತೆ ಬಿಲ್ಲೆ, ಮತ್ತೆ ಭಾನುವಾರ, ಮತ್ತೆ ಕ್ಯಾಮ್. ಸೋಮವಾರ ಬೆಳಿಗ್ಗೆ ಅಳೆದರೆ ಮತ್ತೆ ಅದೇ ಹಾಡು: ಹೊಗೆಯ ಕಡೆಯ ಮುಂದಿನ ವಾಲ್ವುಗಳು ಬಿಗಿ. ಅವತ್ತು ನಾನು ಉಜ್ಜಲು ಕೂರಲಿಲ್ಲ. ಕೊಯಮತ್ತೂರಿನವರು ಮೊದಲ ಫೋನಿನಲ್ಲೇ ಒಂದು ಮಾತು ಹೇಳಿದ್ದರು, ಅಳತೆ ಸೇರದಿದ್ದರೆ ಓಡಿಸುವ ಮೊದಲು ಬಿಚ್ಚಿ ನೋಡಿ ಎಂದು. ನಾನು ಎರಡು ಸಲವೂ ಬಿಲ್ಲೆಯನ್ನಷ್ಟೇ ತೆಗೆದು ಉಜ್ಜಿದ್ದೆ, ಅದರ ಕೆಳಗೆ ನೋಡಿದ್ದು ಓಡಿದ ಮೇಲೆಯೇ. ಅರ್ಧ ದಿನ ಕೂತು ಬಿಗಿದದ್ದನ್ನು ಆಗಲೇ ಮತ್ತೆ ಬಿಚ್ಚಲು ಯಾರಿಗೂ ಕೈ ಬರುವುದಿಲ್ಲ. ಆದರೂ ಬಿಚ್ಚಿದೆ. ಬಿಗಿಯಿದ್ದ ನಾಲ್ಕು ಗುಳಿಗಳ ಬಿಲ್ಲೆ ಎತ್ತಿ, ಒಳಗೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿದೆ. ಬಟ್ಟೆಗೆ ಹೊಸ ಎಣ್ಣೆಯ ಬಣ್ಣ ಹತ್ತಿತು, ಜೇನಿನ ಹಳದಿ. ಅದರಲ್ಲಿ ಏನೂ ಕಾಣಲಿಲ್ಲ. ಬಟ್ಟೆ ಎಸೆದು, ಊಟಕ್ಕೆಂದು ಹೊರಗಿನ ಪೀಪಾಯಿಯ ಹತ್ತಿರ ಹೋಗಿ ಬಟ್ಟೆ ಸೋಪಿನಲ್ಲಿ ಕೈ ತೊಳೆದೆ.

ಬೆರಳುಗಳು ಕೆಂಪಾದವು.

ಕೊಯ್ದುಕೊಂಡೆನೇನೋ ಎಂದು ನೋಡಿದೆ. ಗಾಯವಿಲ್ಲ. ಕಲ್ಲಿನ ಮೇಲೆ ಹರಿದ ನೀರೂ ಕೆಂಪು. ಎಣ್ಣೆಗೆ ಸೋಪು ಬಿದ್ದರೆ ಕೆಂಪಾಗುವುದಿಲ್ಲ. ಕೆಂಪಾಗುವುದು ಯಾವುದು ಎಂದು ನಮ್ಮ ಕಡೆ ಮದುವೆಯ ಬಟ್ಟೆ ಒಗೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಅರಿಶಿನ. ಅವತ್ತು ಬೆಳಗಿನಿಂದ ನಾನು ಭಂಡಾರ ಮುಟ್ಟಿರಲಿಲ್ಲ. ಮುಟ್ಟಿದ್ದು ಬಿಲ್ಲೆಯ ಕೆಳಗಿನ ಗುಳಿಗಳನ್ನು ಮಾತ್ರ.

ಕೈ ಒದ್ದೆ ಇದ್ದಹಾಗೇ ಒಳಗೆ ಓಡಿದೆ. ಗುಳಿಯ ಅಂಚಿನ ಮೂಲೆಯಲ್ಲಿ ಸೂಜಿ ಆಡಿಸಿದರೆ ಮೆತ್ತನೆಯ ಹಿಟ್ಟು ಬಂತು. ಆಮೇಲೆ ಎಲ್ಲವೂ ಒಂದೊಂದಾಗಿ ಕೂತಿತು. ನಾನು ಬಟ್ಟೆಯಿಂದ ಒರೆಸಿ ಪುಡಿಯನ್ನು ಮೂಲೆಗೆ ನೂಕಿದ್ದೆ, ಗಾಳಿ ಹಿಡಿದು ಇನ್ನೂ ಒಳಕ್ಕೆ ತಳ್ಳಿದ್ದೆ. ಎಣ್ಣೆ ಅದನ್ನು ಕಲಸಿತ್ತು, ಬಿಲ್ಲೆ ಒತ್ತಿ ನೆಲ ಸಾರಿಸಿದಂತೆ ಹಾಸಿತ್ತು. ಎಂಜಿನ್ ಓಡಿದ ಮೇಲೆ ಬಿಸಿ ಎಣ್ಣೆ ಎಲ್ಲವನ್ನೂ ತೊಳೆದುಕೊಂಡು ಹೋಗಿ, ನಾನು ತೆಳುಮಾಡಿದ ಬಿಲ್ಲೆ ಮಾತ್ರ ಉಳಿಯುತ್ತಿತ್ತು. ಯಜಮಾನರು ನಿಲ್ಲುತ್ತಿದ್ದದ್ದು ಬಾಗಿಲ ಕಡೆ, ಕಾರಿನ ಮುಂದೆ. ಕೆಡುತ್ತಿದ್ದದ್ದೂ ಅದೇ ಕಡೆಯ ವಾಲ್ವುಗಳು. ಪೆಟ್ರೋಲಿನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಆ ಗುಳಿಗಳನ್ನು ತೊಳೆದು, ಉಜ್ಜದ ಬಿಲ್ಲೆಗಳನ್ನೇ ಕೂರಿಸಿ ಅಳೆದೆ. ಮೂವತ್ತು. ಪಕ್ಕದ್ದೂ ಮೂವತ್ತು.

ಲೆಕ್ಕ ಮೊದಲ ದಿನವೇ ಸರಿಯಾಗಿತ್ತು. ಸಂತೋಷ ಆಗಬೇಕಿತ್ತು. ನನಗೆ ಆದದ್ದು ಬರೀ ಸಿಟ್ಟು. ಸವೆದ ಬೆರಳು, ಹಾಳಾದ ಬಿಲ್ಲೆ, ಕೊಯಮತ್ತೂರಿನವರಿಗೆ ಆಡಿದ ಮಾತು, ಎಲ್ಲದರ ಮೇಲೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಉಳಿದ ಗುಳಿಗಳಲ್ಲಿ ಎಷ್ಟು ಸೇರಿದೆಯೋ ಗೊತ್ತಿರಲಿಲ್ಲ. ಎಲ್ಲವನ್ನೂ ಬಿಚ್ಚಿ ತೊಳೆದೆ. ಹಿಂದಿನ ಸಲಗಳಲ್ಲಿ ಉಜ್ಜಿ ಕೆಡಿಸಿದ್ದ ಬಿಲ್ಲೆಗಳು ಕೆಲವು ಇನ್ನೂ ಒಳಗಿದ್ದವು, ಅವುಗಳ ಬದಲಿಗೆ ಹೊಸವನ್ನು ತರಿಸಬೇಕಾಯಿತು. ಪಾರ್ಸೆಲ್ ಮತ್ತೆ ಸೋಮವಾರಕ್ಕೆ. ನಡುವೆ ಭಾನುವಾರ. ಅದರ ಮುಂದಿನ ಭಾನುವಾರ ಸ್ಪರ್ಧೆ.

ಶನಿವಾರ ಪೂರ್ತಿ ಅದೇ ಯೋಚನೆ. ಶಟರ್ ಎಳೆದುಕೊಂಡು ಊರಿಗೆ ಹೋಗಬಹುದಿತ್ತು. ಖಾಲಿ ಎಂಜಿನ್ನಿನ ಮೇಲೆ ಕವರ್ ಮುಚ್ಚಿಟ್ಟು, ಮುಗಿಯಿತು, ಇನ್ನು ಬಿಚ್ಚಬಾರದು ಎಂದು ಸುಳ್ಳು ಹೇಳಬಹುದಿತ್ತು. ಬೇಡ ಎಂದು ಎದುರೇ ಹೇಳಿದರೆ, ಕೇರಿಯವನೊಬ್ಬ ಯಜಮಾನರ ಭಂಡಾರವನ್ನು ಬೇಡ ಅಂದನಂತೆ ಎಂಬಷ್ಟೇ ಮಾತು ಊರಿಗೆ ಹೋಗುತ್ತದೆ. ಗುಳಿ, ಬಿಲ್ಲೆ, ಆರು ಪಾಲು ಯಾವುದೂ ಹೋಗುವುದಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದು. ಆ ಕೈ ನನ್ನ ಹಣೆಯವರೆಗೆ ಬಂದದ್ದನ್ನು ನಾನೇ ಹಿಂದಕ್ಕೆ ಕಳಿಸಿದಂತಾಗುತ್ತದೆ. ಆದರೆ ತಿಳಿದದ್ದನ್ನು ಮುಚ್ಚಿಟ್ಟು ನಡೆದರೆ, ಈ ಅಳತೆಗೆ ನಾನು ಹೊಣೆ ಅನ್ನುವ ಹಕ್ಕು ನನಗಿಲ್ಲ. ಹೇಳುವುದೆಂದು ತೀರ್ಮಾನಿಸಿದೆ.

ಅವರು ಬಂದರು. ಪಂಚೆ ಸರಿಸಿ ಚೀಲಕ್ಕೆ ಕೈ ಹಾಕಿದರು.

"ಯಜಮಾನ್ರ, ಇವತ್ತು ಒಳಗ ಹಾಕಬ್ಯಾಡ್ರಿ."

ಕೈ ಚೀಲದಲ್ಲೇ ನಿಂತಿತು. ಮೇಷ್ಟ್ರು ನೆಲ ನೋಡಿದರು. ಅವರಿಗೆ ನಾನು ಮೊದಲೇ ಹೇಳಿದ್ದೆ, ಅಪ್ಪನಿಗೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ. ಯಾಕೆ ಎಂದು ಯಜಮಾನರು ಕೇಳಿದರು. ಬಾಯಲ್ಲಿ ಹೇಳದೆ ತೋರಿಸಿದೆ. ಎರಡು ಬಿಲ್ಲೆ ಒಂದರ ಮೇಲೊಂದಿಟ್ಟು ಮೈಕ್ರೋಮೀಟರಿನಲ್ಲಿ ಅಳೆದೆ. ನಡುವೆ ಎಣ್ಣೆ ಸವರಿ, ಅವರಿಂದಲೇ ಇಸಿದುಕೊಂಡ ಭಂಡಾರದ ಕಣ ಉದುರಿಸಿ, ಒತ್ತಿ, ಮತ್ತೆ ಅಳೆದೆ. ಈಗ ಅಂಕಿ ಬೇರೆ. ಅಂಕಿ ಅವರಿಗೆ ಓದಲು ಬರುತ್ತದೆ. ನೋಡಿದರು. ಅವರ ಮುಖ ಬಿಗಿಯಿತು.

"ಅಂದ್ರ ನನ್ನ ಮಗನ ಗಾಡಿ ಕೆಡಿಸಿದ್ದು ಮೈಲಾರಪ್ಪನ ಭಂಡಾರ ಅಂತೀಯೇನು?"

"ಅಲ್ರಿ. ಅಲ್ಲಿ ನನ್ನ ತಲಿಗೂದಲ ಬಿದ್ದಿದ್ರೂ ಹಿಂಗ ಆಗತಿತ್ತು. ಆ ಗುಳಿಯಾಗ ಬಿಲ್ಲಿ ಒಂದ ಇರಬೇಕು, ಮತ್ಯಾರೂ ಇರಬಾರದು."

"ನೀವು ದೇವರನ್ನ ಬಿಟ್ಟೋರು. ನಿಮಗದು ಬರೇ ಪುಡಿ."

ಈ ಮಾತು ಬರುತ್ತದೆಂದು ಗೊತ್ತಿತ್ತು. ಬಂದಾಗ ಮಾತ್ರ ಕಿವಿ ಬಿಸಿಯಾಯಿತು.

"ಬಿಟ್ಟೀವ್ರಿ" ಎಂದೆ. "ಆದ್ರ ನೀವು ಹಣಿಗೆ ಹಚ್ಚಿದ್ದನ್ನ ನಾ ಒಂದ ಸಲಾನೂ ಒರಸಿಲ್ಲ. ಗುಳಿಯಾಗಿಂದು ಒರಸಾಕಬೇಕು. ಇದರಾಗ ಕೂಡೋರು ನಿಮ್ಮ ಮಗ. ಜೋರಾಗಿ ಓಡೋ ಮುಂದ ಒಂದು ಬಿಲ್ಲಿ ಸಿಡಿದ್ರ ಎಂಜಿನ್ ನಿಂತಲ್ಲೇ ಹಿಡಕಂತೈತಿ. ತಿರುವಿನಾಗ ಹಿಡಕಂಡ್ರ..."

 ಮೇಷ್ಟ್ರ ಭುಜದ ಕಡೆ ಯಜಮಾನರ ಕಣ್ಣು ಹೋಯಿತು. ಚೀಲದ ಬಾಯಿ ಬಿಗಿದು ಸ್ಟೂಲಿನ ಮೇಲೆ ಕೂತರು. ಕಂಪ್ರೆಸರಿನ ಗಾಳಿ ಎಲ್ಲೋ ಸಣ್ಣಗೆ ಸೋರುತ್ತಿತ್ತು. 

"ಹಂಗಾರ ಎಲ್ಲಿ ಹಚ್ಚಲಿ?" ಎಂದರು ಕೊನೆಗೆ. "ಮ್ಯಾಲ ಹಚ್ಚಂಗಿಲ್ಲ ನಾ. ನೀನ ಹೇಳು."

 ಕಾರಿನ ಬಾಗಿಲು ತೆಗೆದೆ. ಮಗುಚಿದ ಮೇಲೆ ಮೇಷ್ಟ್ರು ಹಾಕಿಸಿದ್ದ, ಎರಡೂ ಹೆಗಲ ಮೇಲಿಂದ ಬಂದು ಎದೆಯ ಮೇಲೆ ಕೂಡುವ ಅಗಲವಾದ ಬೆಲ್ಟನ್ನು ಎಳೆದು ತೋರಿಸಿದೆ.

"ಎಂಜಿನ್ ಒಳಗ ಬರೇ ಎಣ್ಣಿ ಐತ್ರಿ. ಜೀವ ಕೂಡೋದು ಇಲ್ಲಿ. ಈ ಪಟ್ಟಿಗೆ ಹಚ್ರಿ."

ಅವರು ಬಗ್ಗಿ ಬೆಲ್ಟನ್ನು ಕೈಯಲ್ಲಿ ಹಿಡಿದು, ಕುರಿಯ ಹಗ್ಗದ ಗಟ್ಟಿ ನೋಡುವಂತೆ ಎರಡು ಸಲ ಜಗ್ಗಿದರು. ಚೀಲ ಬಿಚ್ಚಿದರು. ಬೆರಳು ಬಕ್ಕಲಿನ ಕಡೆಗೆ ಹೋದದ್ದು ಕಂಡು ನಾನು, ಅಲ್ಲಿ ಬೇಡ, ಪುಡಿ ಬಿದ್ದರೆ ಅದೂ ಹಿಡಿದುಕೊಳ್ಳುತ್ತದೆ, ಪಟ್ಟಿಗೆ ಮಾತ್ರ ಎಂದೆ.

"ನಿನ್ನ ಕೂಡ ಏಗಾಕಾಗಂಗಿಲ್ಲ ಬಿಡು" ಎಂದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಹೆಗಲ ಮೇಲೆ ಬರುವ ಜಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಹಳದಿ ಗೆರೆ ಎಳೆದರು. ಅವತ್ತು ನನ್ನ ಹಣೆಗೆ ಹಚ್ಚಲಿಲ್ಲ. ಚಹಾ ಕುಡಿಯದೆ ಹೋದರು.

ಸೋಮವಾರ ಬಿಲ್ಲೆ ಬಂತು. ಹದಿನಾರೂ ಲೆಕ್ಕಕ್ಕೆ ಸರಿಯಾಗಿ ಕೂತವು. ಉಜ್ಜುವ ಗಾಜನ್ನು ಕಪಾಟಿನ ಮೇಲೆ ಹಾಕಿದೆ. ಮಂಗಳವಾರ ಸಂಜೆ ಚಾಲು ಮಾಡಿ ಚೆನ್ನಾಗಿ ಕಾಯಿಸಿದೆ. ಚಟಚಟ ಇರಲಿಲ್ಲ. ಆದರೆ ನನಗೆ ನಂಬಿಕೆ ಬರಲಿಲ್ಲ. ಎರಡು ಸಲ ಮೋಸ ಹೋದವನು. ಬೆಳಿಗ್ಗೆ ತಣ್ಣಗಾದ ಮೇಲೆ ಮತ್ತೆ ಕವರ್ ಬಿಚ್ಚಿ ಅಳೆಯುವವರೆಗೆ ಯಾರಿಗೂ ಫೋನ್ ಮಾಡುವುದಿಲ್ಲ ಎಂದುಕೊಂಡೆ.

ನಸುಕಿನಲ್ಲಿ ಕವರ್ ಬಿಚ್ಚಿ ಮೊದಲ ಪಟ್ಟಿ ತೂರಿಸುತ್ತಿದ್ದೆ. ಹೊರಗೆ ಬೈಕ್ ನಿಂತ ಸದ್ದಾಯಿತು. ಅಪ್ಪನೂ ಬಂದಿದ್ದಾರೆ ಎನ್ನುತ್ತ ಮೇಷ್ಟ್ರು ಒಳಗೆ ಬಂದರು, ಹಿಂದೆ ಯಜಮಾನರು ಬರಲಿಲ್ಲ. ಹೋದ ಭಾನುವಾರದ ಸಿಟ್ಟು ಇನ್ನೂ ಉಳಿದಿದೆ ಎಂದುಕೊಂಡೆ. ಆಮೇಲೆ ಪೀಪಾಯಿಯ ಹತ್ತಿರ ಚೊಂಬಿನ ಸದ್ದು ಕೇಳಿತು. ತಲೆಯೆತ್ತಿ ನೋಡಿದೆ. ಯಜಮಾನರು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಬಟ್ಟೆ ಸೋಪನ್ನು ಎರಡೂ ಅಂಗೈಗೆ, ಬೆರಳ ಸಂದಿಗೆ, ಉಗುರಿಗೆ ಉಜ್ಜುತ್ತಿದ್ದರು. ಕಲ್ಲಿನ ಮೇಲೆ ಕೆಂಪು ನೀರು ಹರಿಯಿತು. ನೀರು ಬೆಳ್ಳಗಾಗುವವರೆಗೆ ತೊಳೆದರು.

ಬಂದು ನನ್ನ ಶೆಡ್ಡಿನ ಹೊಸ್ತಿಲ ಆಚೆಯೇ ನಿಂತು ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದರು.

"ತೊಳಕೊಂಡೀನಿ ನೋಡು. ಈಗ ಒಳಗ ಬರಬೌದಾ?"

 ಬರ್ರಿ ಎಂದೆ. ಮೂವತ್ತರ ಪಟ್ಟಿಯನ್ನು ಅವರ ಕೈಗೇ ಕೊಟ್ಟು, ಅವರು ಯಾವಾಗಲೂ ನಿಲ್ಲುತ್ತಿದ್ದ ಕಡೆಯ ಎರಡನೇ ವಾಲ್ವನ್ನು ತೋರಿಸಿದೆ. ಸಂದು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಪಟ್ಟಿ ತುಸು ಬಿಗಿಯಾಗಿ, ಎಲ್ಲೂ ಸಿಕ್ಕಿಕೊಳ್ಳದೆ, ಒಳಗೆ ಜಾರಿತು.